ಅಟ್ ಚಿಹ್ನೆಯ ಆ ಒಂದು ಸಾಲು: ಪೈಥಾನ್‌ನಲ್ಲಿ ಡೆಕೊರೇಟರ್ ಬರೆಯುವುದು ಹೇಗೆ

ಪ್ರೋಗ್ರಾಮಿನಲ್ಲಿ ಇಪ್ಪತ್ತು ಫಂಕ್ಷನ್‌ಗಳಿವೆ, ಯಾವುದು ಎಷ್ಟು ಹೊತ್ತು ಹಿಡಿಯುತ್ತದೆಂದು ತಿಳಿಯಬೇಕು ಅಂದುಕೊಳ್ಳಿ. ಪ್ರತಿಯೊಂದರ ಮೊದಲ ಸಾಲಿನಲ್ಲಿ ಗಡಿಯಾರ ಶುರು ಮಾಡಿ ಕೊನೆಯಲ್ಲಿ ನಿಲ್ಲಿಸಿದರೆ ನಲವತ್ತು ಸಾಲು ಸೇರುತ್ತವೆ. ನಡುವೆ ಎಲ್ಲೋ ರಿಟರ್ನ್ ಇದ್ದರೆ ಅದಕ್ಕೂ ಮುಂಚೆ ಇನ್ನೊಂದು ಸಾಲು ಬೇಕು. ಕೆಲಸ ಮುಗಿದ ಮೇಲೆ ಎಲ್ಲವನ್ನೂ ಹುಡುಕಿ ಅಳಿಸಬೇಕು. ಡೆಕೊರೇಟರ್ ಇದ್ದರೆ ಈ ಅಳತೆಯ ಕೋಡ್ ಒಂದೇ ಕಡೆ ಇರುತ್ತದೆ, ಪ್ರತಿ ಫಂಕ್ಷನ್ನಿನ ನೆತ್ತಿಯ ಮೇಲೆ ಅಟ್ (@) ಚಿಹ್ನೆಯ ಒಂದು ಸಾಲು ಹಾಕಿದರೆ ಸಾಕು.

ಸಿಂಟ್ಯಾಕ್ಸ್ ಹತ್ತು ನಿಮಿಷದಲ್ಲಿ ಬರುತ್ತದೆ. ಆದರೂ ಡೆಕೊರೇಟರ್ ಹಾಕಿದ ಕೋಡಿನಲ್ಲಿ ದೋಷ ಹುಡುಕುವಾಗ ಅನುಭವಿಗಳೂ ತಡಕಾಡುತ್ತಾರೆ, ಏಕೆಂದರೆ ಆ ಒಂದು ಸಾಲು ನಿಜವಾಗಿ ಮಾಡುವುದೇನು ಎಂಬುದು ಕಣ್ಣಿಗೆ ಕಾಣುವುದಿಲ್ಲ. ಅದು ಮಾಡುವುದು ಒಂದೇ ಕೆಲಸ: ಒಂದು ಹೆಸರನ್ನು ಹಳೆಯ ಫಂಕ್ಷನ್ನಿನಿಂದ ಬಿಡಿಸಿ ಹೊಸ ಫಂಕ್ಷನ್ನಿಗೆ ಅಂಟಿಸುವುದು. ಇಷ್ಟನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಕೆಳಗೆ ಬರುವ ತಪ್ಪುಗಳೆಲ್ಲ ಇದರಿಂದಲೇ ಬಿಡಿಸಿಕೊಳ್ಳುತ್ತವೆ.

ಶುರು ಮಾಡುವ ಮುನ್ನ

ಪೈಥಾನ್ 3.9 ಅಥವಾ ಅದಕ್ಕಿಂತ ಹೊಸದು ಇರಲಿ. ಈ ಲೇಖನದ ಕೋಡ್ ಪೂರ್ತಿ ಕನ್ನಡ ಲಿಪಿಯಲ್ಲಿದೆ. ಡೆಫ್, ರಿಟರ್ನ್, ಇಂಪೋರ್ಟ್, ಟ್ರೈ, ಪ್ರಿಂಟ್ ಮುಂತಾದ ಪೈಥಾನ್‌ನ ಸ್ವಂತ ಪದಗಳನ್ನೂ ಲೈಬ್ರರಿಯ ಹೆಸರುಗಳನ್ನೂ ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳಲ್ಲೇ ಹಾಕಬೇಕು. ನಾವು ಇಟ್ಟ ಹೆಸರುಗಳನ್ನು, ಅಂದರೆ ಗಡಿಯಾರ, ಹೊದಿಕೆ, ಕೆಲಸ, ಇವುಗಳನ್ನು ಕನ್ನಡದಲ್ಲೇ ಟೈಪ್ ಮಾಡಬಹುದು. ಪೈಥಾನ್ 3 ಇದನ್ನು ಒಪ್ಪುತ್ತದೆ, ಒತ್ತಕ್ಷರ ಗುಣಿತಾಕ್ಷರಗಳ ಸಮೇತ.

ಒಂದು ಎಚ್ಚರಿಕೆ. ಕನ್ನಡ ಟೈಪಿಂಗ್‌ನಲ್ಲಿ ಒತ್ತು ಮೂಡದಂತೆ ತಡೆಯಲು ಕಣ್ಣಿಗೆ ಕಾಣದ ಒಂದು ಅಕ್ಷರ ಸೇರಿಕೊಳ್ಳುತ್ತದೆ. ಯೂನಿಕೋಡ್‌ನಲ್ಲಿ ಅದರ ಸಂಖ್ಯೆ 200ಸಿ. ‘ಫಂಕ್ಷನ್‌ಗೆ’ ಎಂಬ ಪದದಲ್ಲಿ ‘ನ್’ ಮತ್ತು ‘ಗೆ’ ನಡುವೆ ಇರುವುದು ಅದೇ. ಹೆಸರಿನೊಳಗೆ ಅದಿದ್ದರೆ ಪೈಥಾನ್ ಸಿಂಟ್ಯಾಕ್ಸ್ ಎರರ್ ಕೊಡುತ್ತದೆ, ಮತ್ತು ಪರದೆಯಲ್ಲಿ ನೋಡಿದರೆ ತಪ್ಪೇನೂ ಕಾಣುವುದಿಲ್ಲ. ಅದು ಬೇಕಾಗದಂಥ ಹೆಸರುಗಳನ್ನೇ ಆರಿಸಿಕೊಳ್ಳಿ.

ಹಂತ 1: ಕೈಯಿಂದಲೇ ಹೊದಿಸಿ ನೋಡಿ

ಮೊದಲು ಅಟ್ ಚಿಹ್ನೆಯನ್ನು ಮುಟ್ಟಬೇಡಿ. ಪೈಥಾನ್‌ನಲ್ಲಿ ಫಂಕ್ಷನ್ ಕೂಡ ಸಂಖ್ಯೆ, ಪಟ್ಟಿಗಳ ಹಾಗೆ ಒಂದು ವಸ್ತು. ಅದನ್ನು ಇನ್ನೊಂದು ಫಂಕ್ಷನ್ನಿಗೆ ಕೊಡಬಹುದು, ಇನ್ನೊಂದರಿಂದ ವಾಪಸ್ ಪಡೆಯಬಹುದು.

```
ಇಂಪೋರ್ಟ್ ಟೈಮ್

ಡೆಫ್ ಗಡಿಯಾರ(ಕೆಲಸ):
    ಡೆಫ್ ಹೊದಿಕೆ():
        ಶುರು = ಟೈಮ್.ಪರ್ಫ್_ಕೌಂಟರ್()
        ಕೆಲಸ()
        ಪ್ರಿಂಟ್(ಟೈಮ್.ಪರ್ಫ್_ಕೌಂಟರ್() - ಶುರು)
    ರಿಟರ್ನ್ ಹೊದಿಕೆ

ಡೆಫ್ ವರದಿ():
    ಟೈಮ್.ಸ್ಲೀಪ್(0.2)

ವರದಿ = ಗಡಿಯಾರ(ವರದಿ)
ವರದಿ()
```

ಕೊನೆಯಿಂದ ಎರಡನೇ ಸಾಲೇ ಇಡೀ ವಿಷಯ. ಬಲಗಡೆಯ ‘ವರದಿ’ ಹಳೆಯ ಫಂಕ್ಷನ್. ಗಡಿಯಾರ ಅದನ್ನು ತೆಗೆದುಕೊಂಡು ‘ಹೊದಿಕೆ’ ಎಂಬ ಹೊಸ ಫಂಕ್ಷನ್ ಕೊಟ್ಟಿತು. ಎಡಗಡೆಯ ‘ವರದಿ’ ಈಗ ಆ ಹೊದಿಕೆಯ ಹೆಸರು. ಹಳೆಯ ಫಂಕ್ಷನ್ ಎಲ್ಲೂ ಹೋಗಿಲ್ಲ, ಹೊದಿಕೆಯೊಳಗೆ ‘ಕೆಲಸ’ ಎಂಬ ಹೆಸರಲ್ಲಿ ಬದುಕಿದೆ. ಆದರೆ ಹೊರಗಿನಿಂದ ‘ವರದಿ’ ಎಂದು ಕರೆದವರಿಗೆಲ್ಲ ಓಗೊಡುವುದು ಹೊದಿಕೆ. ರನ್ ಮಾಡಿದರೆ 0.2ಕ್ಕಿಂತ ಒಂದಿಷ್ಟು ಹೆಚ್ಚಿನ ಸಂಖ್ಯೆ ಕಾಣುತ್ತದೆ.

‘ರಿಟರ್ನ್ ಹೊದಿಕೆ’ ಸಾಲಿನಲ್ಲಿ ಆವರಣ ಚಿಹ್ನೆ ಇಲ್ಲದಿರುವುದನ್ನು ಗಮನಿಸಿ. ‘ಹೊದಿಕೆ()’ ಎಂದು ಬರೆದರೆ ಅಲ್ಲೇ ಕೆಲಸ ನಡೆದುಹೋಗಿ ಅದರ ಫಲ, ಇಲ್ಲಿ ನನ್ (‘ಏನೂ ಇಲ್ಲ’ ಎಂಬ ಅರ್ಥದ ಪೈಥಾನ್ ಮೌಲ್ಯ), ವಾಪಸಾಗುತ್ತದೆ. ಆ ಸಾಲನ್ನೇ ಮರೆತರೂ ಪರಿಣಾಮ ಅದೇ: ‘ವರದಿ’ ಎಂಬ ಹೆಸರಿಗೆ ನನ್ ಅಂಟಿಕೊಂಡು, ಮುಂದೆ ಕರೆದಾಗ ‘ನನ್‌ಟೈಪ್ ವಸ್ತುವನ್ನು ಕರೆಯಲಾಗದು’ ಎಂಬರ್ಥದ ಟೈಪ್ ಎರರ್. ಡೆಕೊರೇಟರ್ ಹಾಕಿದ ಫಂಕ್ಷನ್ ಮೇಲೆ ಈ ಎರರ್ ಬಂದರೆ ಮೊದಲು ನೋಡಬೇಕಾದ್ದು ಡೆಕೊರೇಟರಿನ ಕೊನೆಯ ಸಾಲನ್ನು.

ಸಮಯ ಅಳೆಯಲು ಟೈಮ್.ಟೈಮ್ ಬೇಡ. ಅದು ಕಂಪ್ಯೂಟರಿನ ಗಡಿಯಾರವನ್ನು ಓದುತ್ತದೆ, ಆ ಗಡಿಯಾರವನ್ನು ಇಂಟರ್ನೆಟ್ ಸಮಯಕ್ಕೆ ಹೊಂದಿಸುವಾಗ ಮುಂದಕ್ಕೋ ಹಿಂದಕ್ಕೋ ಜಾರಬಹುದು. ಪರ್ಫ್_ಕೌಂಟರ್ ಹಿಂದಕ್ಕೆ ಹೋಗುವುದಿಲ್ಲ.

ಹಂತ 2: ಅಟ್ ಚಿಹ್ನೆ

```
@ಗಡಿಯಾರ
ಡೆಫ್ ವರದಿ():
    ಟೈಮ್.ಸ್ಲೀಪ್(0.2)
```

‘ವರದಿ = ಗಡಿಯಾರ(ವರದಿ)’ ಎಂಬ ಸಾಲು ಈಗ ಮೇಲಕ್ಕೆ ಹತ್ತಿದೆ, ಅಷ್ಟೇ. ಈ ಬರವಣಿಗೆ ಪೈಥಾನ್‌ಗೆ ಬಂದದ್ದು 2004ರ 2.4ನೇ ಆವೃತ್ತಿಯಲ್ಲಿ, ಪೆಪ್ 318 ಎಂಬ ಪ್ರಸ್ತಾವದ ಮೂಲಕ. ಅದಕ್ಕೂ ಮುಂಚೆ, 2.2ರಲ್ಲಿ, ಕ್ಲಾಸ್‌ಮೆಥಡ್ ಮತ್ತು ಸ್ಟ್ಯಾಟಿಕ್‌ಮೆಥಡ್ ಎಂಬ ಸಿದ್ಧ ಹೊದಿಕೆಗಳು ಬಂದಿದ್ದವು, ಆದರೆ ಅವನ್ನು ಹಂತ 1ರ ಹಾಗೆ ಕೈಯಿಂದಲೇ ಹೊದಿಸಬೇಕಿತ್ತು. ಐವತ್ತು ಸಾಲಿನ ಮೆಥಡ್ ಇದ್ದರೆ ಅದು ಕ್ಲಾಸ್‌ಮೆಥಡ್ ಎಂಬ ಸಂಗತಿ ಐವತ್ತೊಂದನೇ ಸಾಲಿನಲ್ಲಿ ಗೊತ್ತಾಗುತ್ತಿತ್ತು, ಹೆಸರನ್ನು ಮೂರು ಸಲ ಬರೆಯಬೇಕಾಗುತ್ತಿತ್ತು. ಓದುವವರಿಗೆ ಮೊದಲೇ ತಿಳಿಯಲಿ ಎಂಬುದೇ ಹೊಸ ಚಿಹ್ನೆಯ ಉದ್ದೇಶ. ಕ್ಲಾಸ್‌ಗಳ ಮೇಲೂ ಡೆಕೊರೇಟರ್ ಹಾಕುವ ಅವಕಾಶ 2008ರಲ್ಲಿ 2.6 ಮತ್ತು 3.0ರೊಂದಿಗೆ ಬಂತು.

ಜಾವಾದಿಂದ ಬಂದವರು ಇಲ್ಲಿ ಮೋಸಹೋಗುತ್ತಾರೆ. ಅಲ್ಲಿಯೂ ಅಟ್ ಚಿಹ್ನೆ ಇದೆ, ಆದರೆ ಅದು ಮೆಥಡ್‌ಗೆ ಅಂಟಿಸಿದ ಚೀಟಿ. ಚೀಟಿ ಓದಿ ಕೆಲಸ ಮಾಡುವವರು ಬೇರೆಯವರು. ಪೈಥಾನ್‌ನಲ್ಲಿ ಆ ಸಾಲೇ ಓಡುವ ಕೋಡ್, ಫಂಕ್ಷನ್ನಿನ ಜಾಗದಲ್ಲಿ ಬೇರೆಯದನ್ನು ಕೂರಿಸುವ ಅಧಿಕಾರ ಅದಕ್ಕಿದೆ.

ಹಂತ 3: ಯಾವ ಫಂಕ್ಷನ್ನಿಗೂ ಹೊಂದುವಂತೆ ಮಾಡಿ

ಮೇಲಿನ ಗಡಿಯಾರಕ್ಕೆ ನಾಲ್ಕು ಕೊರತೆಗಳಿವೆ. ಆರ್ಗ್ಯುಮೆಂಟ್ ಇರುವ ಫಂಕ್ಷನ್ನಿಗೆ ಹಾಕಿದರೆ ಎರರ್. ಮೂಲ ಫಂಕ್ಷನ್ ಕೊಟ್ಟ ಉತ್ತರ ಹೊದಿಕೆಯಲ್ಲೇ ಕಳೆದುಹೋಗುತ್ತದೆ. ಒಳಗೆ ಎಕ್ಸೆಪ್ಶನ್ ಎದ್ದರೆ ಸಮಯ ಮುದ್ರಣವಾಗುವುದಿಲ್ಲ. ಮತ್ತು ಫಂಕ್ಷನ್ನಿನ ಗುರುತು ಅಳಿಸಿಹೋಗುತ್ತದೆ. ನಾಲ್ಕನ್ನೂ ಸರಿಮಾಡಿದ ರೂಪ ಇದು. ಇದನ್ನೇ ಅಚ್ಚಿನಂತೆ ಇಟ್ಟುಕೊಳ್ಳಬಹುದು:

```
ಇಂಪೋರ್ಟ್ ಟೈಮ್, ಫಂಕ್ಟೂಲ್ಸ್

ಡೆಫ್ ಗಡಿಯಾರ(ಕೆಲಸ):
    @ಫಂಕ್ಟೂಲ್ಸ್.ರಾಪ್ಸ್(ಕೆಲಸ)
    ಡೆಫ್ ಹೊದಿಕೆ(*ಆರ್ಗ್ಸ್, **ಕ್ವಾರ್ಗ್ಸ್):
        ಶುರು = ಟೈಮ್.ಪರ್ಫ್_ಕೌಂಟರ್()
        ಟ್ರೈ:
            ರಿಟರ್ನ್ ಕೆಲಸ(*ಆರ್ಗ್ಸ್, **ಕ್ವಾರ್ಗ್ಸ್)
        ಫೈನಲಿ:
            ಪ್ರಿಂಟ್(ಕೆಲಸ.__ನೇಮ್__, ಟೈಮ್.ಪರ್ಫ್_ಕೌಂಟರ್() - ಶುರು)
    ರಿಟರ್ನ್ ಹೊದಿಕೆ
```

ಒಂದು ನಕ್ಷತ್ರದ ಆರ್ಗ್ಸ್ ಸ್ಥಾನಕ್ಕೆ ತಕ್ಕ ಮೌಲ್ಯಗಳನ್ನೆಲ್ಲ ಒಟ್ಟುಮಾಡುತ್ತದೆ, ಎರಡು ನಕ್ಷತ್ರದ್ದು ಹೆಸರು ಹೇಳಿ ಕೊಟ್ಟವನ್ನು. ಕರೆಯುವಾಗ ಅದೇ ನಕ್ಷತ್ರಗಳು ಅವನ್ನು ಮತ್ತೆ ಬಿಡಿಬಿಡಿಯಾಗಿ ಹರಡುತ್ತವೆ. ಕರೆಯುವ ಸಾಲಿನಲ್ಲಿ ನಕ್ಷತ್ರ ಮರೆತರೆ ಮೂಲ ಫಂಕ್ಷನ್ನಿಗೆ ಒಂದು ಟ್ಯೂಪಲ್ (ಬದಲಿಸಲಾಗದ ಪಟ್ಟಿ) ಮತ್ತು ಒಂದು ಡಿಕ್ಷನರಿ ತಲುಪುತ್ತವೆ. ಎರಡು ಆರ್ಗ್ಯುಮೆಂಟ್ ಕೇಳುವ ಫಂಕ್ಷನ್ ಆಗಿದ್ದರೆ ಕರೆಯುವಾಗ ಎರರ್ ಕೂಡ ಬರುವುದಿಲ್ಲ, ಲೆಕ್ಕ ಮಾತ್ರ ಇನ್ನೆಲ್ಲೋ ಕೆಡುತ್ತದೆ.

ರಿಟರ್ನ್ ಮರೆಯುವುದು ಹೊಸಬರ ಅತಿ ಸಾಮಾನ್ಯ ತಪ್ಪು. ಡೆಕೊರೇಟರ್ ಹಾಕುವ ಮುಂಚೆ ‘ಬಿಲ್ಲು(120)’ ಸಂಖ್ಯೆ ಕೊಡುತ್ತಿತ್ತು, ಹಾಕಿದ ಮೇಲೆ ನನ್ ಕೊಡುತ್ತದೆ. ಎರರ್ ಬರುವುದು ಆ ನನ್ ಅನ್ನು ಯಾರಾದರೂ ಕೂಡಲು ಹೋದಾಗ, ಅಂದರೆ ಮೂಲದಿಂದ ಬಹುದೂರದಲ್ಲಿ.

ರಾಪ್ಸ್ ಎಂಬ ಸಾಲಿನ ಬಗ್ಗೆ ಸ್ವಲ್ಪ ನಿಲ್ಲೋಣ, ಏಕೆಂದರೆ ಇದನ್ನು ಅಲಂಕಾರವೆಂದು ಬಿಟ್ಟುಬಿಡುವವರು ತುಂಬಾ. ಹೊದಿಕೆ ಬೇರೆಯೇ ಫಂಕ್ಷನ್ ಆದ್ದರಿಂದ ಅದರ ಹೆಸರು ‘ಹೊದಿಕೆ’, ಅದಕ್ಕೆ ಡಾಕ್‌ಸ್ಟ್ರಿಂಗ್ (ಫಂಕ್ಷನ್ನಿನೊಳಗೆ ಬರೆದಿಡುವ ವಿವರಣೆ) ಇಲ್ಲ. ಹೆಲ್ಪ್ ಕೇಳಿದರೆ ಇಪ್ಪತ್ತು ಫಂಕ್ಷನ್‌ಗಳೂ ‘ಹೊದಿಕೆ’ ಎಂದೇ ಪರಿಚಯಿಸಿಕೊಳ್ಳುತ್ತವೆ. ರಾಪ್ಸ್ ಮೂಲದ ಹೆಸರು, ಡಾಕ್‌ಸ್ಟ್ರಿಂಗ್, ಮಾಡ್ಯೂಲ್‌ಗಳನ್ನು ಹೊದಿಕೆಗೆ ನಕಲು ಮಾಡುತ್ತದೆ, ಜೊತೆಗೆ ‘__ರಾಪ್ಡ್__’ ಎಂಬ ಗುಣದಲ್ಲಿ ಮೂಲ ಫಂಕ್ಷನ್ನನ್ನೇ ಇಟ್ಟಿರುತ್ತದೆ. ವೆಬ್‌ಸೈಟ್ ಕಟ್ಟಲು ಬಳಸುವ ಫ್ಲಾಸ್ಕ್ ಎಂಬ ಲೈಬ್ರರಿಯಲ್ಲಿ ಇದರ ಬೆಲೆ ತಕ್ಷಣ ಗೊತ್ತಾಗುತ್ತದೆ. ಅದು ಪ್ರತಿ ಪುಟವನ್ನೂ ಫಂಕ್ಷನ್ನಿನ ಹೆಸರಿನಿಂದಲೇ ಗುರುತಿಸುತ್ತದೆ. ರಾಪ್ಸ್ ಇಲ್ಲದ ಒಂದು ಡೆಕೊರೇಟರನ್ನು ಎರಡು ಪುಟಗಳಿಗೆ ಹಾಕಿದರೆ ಎರಡಕ್ಕೂ ‘ಹೊದಿಕೆ’ ಎಂಬ ಒಂದೇ ಹೆಸರು ಬಂದು, ಇರುವ ಎಂಡ್‌ಪಾಯಿಂಟ್ (ಪುಟದ ಗುರುತಿನ ಹೆಸರು) ಮೇಲೆ ಇನ್ನೊಂದನ್ನು ಬರೆಯುತ್ತಿದ್ದೀರಿ ಎಂದು ಆ್ಯಪ್ ಏಳುವ ಮೊದಲೇ ನಿಂತುಬಿಡುತ್ತದೆ. ಒಂದೇ ಪುಟವಿದ್ದಾಗ ಸರಿಯಾಗಿದ್ದ ಕೋಡ್ ಎರಡನೆಯದು ಸೇರಿದ ದಿನ ಮುರಿಯುತ್ತದೆ.

ಹಂತ 4: ಯಾವ ಸಾಲು ಯಾವಾಗ ಓಡುತ್ತದೆ

ಗಡಿಯಾರದ ಒಳಗೆ, ಆದರೆ ಹೊದಿಕೆಯ ಹೊರಗೆ, ಒಂದು ಪ್ರಿಂಟ್ ಹಾಕಿ. ಹೊದಿಕೆಯ ಒಳಗೆ ಇನ್ನೊಂದು ಹಾಕಿ. ಫೈಲನ್ನು ಇಂಪೋರ್ಟ್ ಮಾತ್ರ ಮಾಡಿ, ಯಾವ ಫಂಕ್ಷನ್ನನ್ನೂ ಕರೆಯಬೇಡಿ. ಮೊದಲ ಪ್ರಿಂಟ್ ಡೆಕೊರೇಟರ್ ಹಾಕಿದ ಪ್ರತಿ ಫಂಕ್ಷನ್ನಿಗೂ ಒಂದೊಂದು ಸಲ ಓಡಿರುತ್ತದೆ, ಎರಡನೆಯದು ಒಮ್ಮೆಯೂ ಓಡಿರುವುದಿಲ್ಲ.

ಹಾಗಾಗಿ ಹೊರಗಿನ ಭಾಗದಲ್ಲಿ ಡೇಟಾಬೇಸ್ ಸಂಪರ್ಕ ತೆರೆಯುವುದು, ಫೈಲ್ ಓದುವುದು, ನೆಟ್‌ವರ್ಕ್ ಮುಟ್ಟುವುದು ಬೇಡ. ಯಾರೋ ಟೆಸ್ಟ್‌ಗಾಗಿ ಮಾಡ್ಯೂಲ್ ಇಂಪೋರ್ಟ್ ಮಾಡಿದರೆ ಸಾಕು, ಸಂಪರ್ಕ ತೆರೆದುಕೊಳ್ಳುತ್ತದೆ. ಇದೇ ಗುಣ ನೋಂದಣಿ ಕೆಲಸಕ್ಕೆ ಮಾತ್ರ ವರ. ಫಂಕ್ಷನ್ನನ್ನು ಒಂದು ಡಿಕ್ಷನರಿಗೆ ಸೇರಿಸಿ ಹಾಗೆಯೇ ವಾಪಸ್ ಕೊಡುವ ಡೆಕೊರೇಟರ್‌ಗೆ ಹೊದಿಕೆಯೇ ಬೇಕಾಗಿಲ್ಲ, ಎರಡು ಸಾಲು ಸಾಕು. ಆದರೆ ಮಾಡ್ಯೂಲ್ ಇಂಪೋರ್ಟ್ ಆಗದಿದ್ದರೆ ನೋಂದಣಿಯೂ ಆಗುವುದಿಲ್ಲ. ‘ಡೆಕೊರೇಟರ್ ಹಾಕಿದ್ದೇನೆ, ಪಟ್ಟಿಯಲ್ಲಿ ಬರುತ್ತಿಲ್ಲ’ ಎಂಬ ದೂರಿಗೆ ಕಾರಣ ಹೆಚ್ಚಾಗಿ ಇದೇ.

ಹಂತ 5: ಡೆಕೊರೇಟರ್‌ಗೇ ಆರ್ಗ್ಯುಮೆಂಟ್ ಕೊಡುವುದು

ನೆಟ್‌ವರ್ಕ್ ಕೈಕೊಟ್ಟಾಗ ಮತ್ತೆ ಪ್ರಯತ್ನಿಸುವ ಡೆಕೊರೇಟರ್ ಬೇಕು. ಎಷ್ಟು ಸಲ, ಎಷ್ಟು ಬಿಡುವು, ಯಾವ ಎರರ್‌ಗೆ ಎಂದು ಹೇಳುವಂತಿರಬೇಕು. ಇಲ್ಲಿ ಒಂದು ಪದರ ಹೆಚ್ಚಾಗುತ್ತದೆ. ಹೊರಗಿನದು ಆರ್ಗ್ಯುಮೆಂಟ್ ತೆಗೆದುಕೊಂಡು ಡೆಕೊರೇಟರ್ ಕೊಡುತ್ತದೆ, ನಡುವಿನದು ಫಂಕ್ಷನ್ ತೆಗೆದುಕೊಂಡು ಹೊದಿಕೆ ಕೊಡುತ್ತದೆ, ಒಳಗಿನದೇ ಹೊದಿಕೆ.

```
ಡೆಫ್ ಮತ್ತೆಮಾಡು(ಸಲ=3, ಬಿಡುವು=1, ತಪ್ಪುಗಳು=(ಕನೆಕ್ಷನ್ಎರರ್, ಟೈಮ್ಔಟ್ಎರರ್)):
    ಇಫ್ ಸಲ < 1:
        ರೇಸ್ ವ್ಯಾಲ್ಯೂಎರರ್("ಸಲ ಕನಿಷ್ಠ 1 ಇರಬೇಕು")
    ಡೆಫ್ ಡೆಕೊರೇಟರ್(ಕೆಲಸ):
        @ಫಂಕ್ಟೂಲ್ಸ್.ರಾಪ್ಸ್(ಕೆಲಸ)
        ಡೆಫ್ ಹೊದಿಕೆ(*ಆರ್ಗ್ಸ್, **ಕ್ವಾರ್ಗ್ಸ್):
            ಫಾರ್ ಎಣಿಕೆ ಇನ್ ರೇಂಜ್(1, ಸಲ + 1):
                ಟ್ರೈ:
                    ರಿಟರ್ನ್ ಕೆಲಸ(*ಆರ್ಗ್ಸ್, **ಕ್ವಾರ್ಗ್ಸ್)
                ಎಕ್ಸೆಪ್ಟ್ ತಪ್ಪುಗಳು:
                    ಇಫ್ ಎಣಿಕೆ == ಸಲ:
                        ರೇಸ್
                    ಟೈಮ್.ಸ್ಲೀಪ್(ಬಿಡುವು * 2 ** (ಎಣಿಕೆ - 1))
        ರಿಟರ್ನ್ ಹೊದಿಕೆ
    ರಿಟರ್ನ್ ಡೆಕೊರೇಟರ್

@ಮತ್ತೆಮಾಡು(ಸಲ=4, ಬಿಡುವು=0.5)
ಡೆಫ್ ದರಪಟ್ಟಿ_ತಾ(ವಿಳಾಸ):
    ...
```

ನಾಲ್ಕು ಪ್ರಯತ್ನವೂ ಸೋತರೆ ನಡುವಿನ ಬಿಡುವುಗಳು 0.5, 1, 2 ಸೆಕೆಂಡು, ಒಟ್ಟು 3.5. ಆಮೇಲೆ ಕೊನೆಯ ಎರರ್ ಹಾಗೆಯೇ ಮೇಲಕ್ಕೆ ಹೋಗುತ್ತದೆ. ಅದನ್ನು ನುಂಗಬೇಡಿ. ನುಂಗಿದರೆ ಕರೆದವರಿಗೆ ನನ್ ಸಿಕ್ಕಿ, ದರಪಟ್ಟಿ ಖಾಲಿ ಇದೆಯೆಂದೇ ಅವರು ಭಾವಿಸುತ್ತಾರೆ.

ಬಿಡುವು ಪ್ರತಿ ಸಲ ದುಪ್ಪಟ್ಟಾಗುವುದು ಬೇಕೆಂದೇ ಮಾಡಿದ್ದು. ಬಳಲಿದ ಸರ್ವರ್‌ಗೆ ಚೇತರಿಸಿಕೊಳ್ಳಲು ಹೊತ್ತು ಬೇಕು, ಒಂದೇ ಸಮನೆ ಬಾಗಿಲು ಬಡಿದರೆ ಅದು ಇನ್ನಷ್ಟು ಕುಸಿಯುತ್ತದೆ.

ತಪ್ಪುಗಳು ಎಂಬಲ್ಲಿ ಎಲ್ಲ ಎಕ್ಸೆಪ್ಶನ್‌ಗಳನ್ನೂ ಹಿಡಿಯುವ ಆಸೆ ಬರುತ್ತದೆ, ತಡೆದುಕೊಳ್ಳಿ. ಹೆಸರು ತಪ್ಪಾಗಿ ಟೈಪ್ ಮಾಡಿದ್ದರಿಂದ ಬಂದ ಎರರ್ ನಾಲ್ಕು ಸಲ ಓಡಿಸಿದರೂ ಅದೇ ಎರರ್, 3.5 ಸೆಕೆಂಡು ತಡವಾಗಿ ಗೊತ್ತಾಗುತ್ತದೆ ಅಷ್ಟೇ. ಇನ್ನೂ ಮುಖ್ಯವಾದದ್ದು: ಹಣ ಕಳಿಸುವ, ಎಸ್ಸೆಮ್ಮೆಸ್ ಕಳಿಸುವ, ಆರ್ಡರ್ ಹಾಕುವ ಫಂಕ್ಷನ್ ಮೇಲೆ ಇದನ್ನು ಕಣ್ಣುಮುಚ್ಚಿ ಹಾಕಬೇಡಿ. ಟೈಮ್‌ಔಟ್ ಎಂದರೆ ಉತ್ತರ ಬರಲಿಲ್ಲ ಎಂದಷ್ಟೇ ಅರ್ಥ, ಕೆಲಸ ಆಗಲಿಲ್ಲ ಎಂದಲ್ಲ. ಅತ್ತ ಕಡೆ ಹಣ ಹೋಗಿರಬಹುದು, ಇತ್ತ ಕಡೆ ಡೆಕೊರೇಟರ್ ಎರಡನೇ ಸಲ ಕಳಿಸುತ್ತದೆ. ಒಂದು ವ್ಯವಹಾರಕ್ಕೆ ಒಂದೇ ಗುರುತಿನ ಸಂಖ್ಯೆ ಕಳಿಸಿ, ಎರಡನೇ ಸಲ ಬಂದರೆ ಅತ್ತಲಿನವರು ತಿರಸ್ಕರಿಸುವ ಏರ್ಪಾಡು ಇದ್ದರೆ ಮಾತ್ರ ಹಾಕಿ.

ಈಗ ಆವರಣ ಚಿಹ್ನೆಯ ತೊಡಕು. ಎಲ್ಲಕ್ಕೂ ಡೀಫಾಲ್ಟ್ ಇದೆಯಲ್ಲ ಎಂದು ‘@ಮತ್ತೆಮಾಡು’ ಎಂದಷ್ಟೇ ಬರೆದರೆ? ಹೆಸರು ಬದಲಿಸುವ ನಿಯಮವನ್ನು ಹಚ್ಚಿ ನೋಡಿ: ‘ದರಪಟ್ಟಿ_ತಾ = ಮತ್ತೆಮಾಡು(ದರಪಟ್ಟಿ_ತಾ)’. ನಿಮ್ಮ ಫಂಕ್ಷನ್ ಹೋಗಿ ‘ಸಲ’ ಎಂಬ ಜಾಗದಲ್ಲಿ ಕೂತಿತು, ವಾಪಸ್ ಬಂದದ್ದು ನಡುವಿನ ಪದರ. ಮುಂದೆ ‘ದರಪಟ್ಟಿ_ತಾ(ವಿಳಾಸ)’ ಎಂದು ಕರೆದಾಗ ವಿಳಾಸವನ್ನೇ ಫಂಕ್ಷನ್ ಎಂದು ತಿಳಿದು ಒಂದು ಹೊದಿಕೆ ಮಾಡಿ ಕೊಡುತ್ತದೆ. ಎರರ್ ಇಲ್ಲ, ಕೆಲಸವೂ ನಡೆದಿಲ್ಲ, ಕೈಗೆ ಸಿಕ್ಕಿದ್ದು ಒಂದು ಫಂಕ್ಷನ್. ಮೇಲಿನ ಕೋಡಿನಲ್ಲಿ ಇದು ಹಾಗೆ ಜಾರಿಹೋಗುವುದಿಲ್ಲ, ಏಕೆಂದರೆ ಮೊದಲಲ್ಲೇ ‘ಸಲ < 1’ ಎಂಬ ಹೋಲಿಕೆ ಇದೆ. ಫಂಕ್ಷನ್ನನ್ನೂ ಸಂಖ್ಯೆಯನ್ನೂ ಹೋಲಿಸಲಾಗದೆ ಪೈಥಾನ್ ಇಂಪೋರ್ಟ್ ಹೊತ್ತಿನಲ್ಲೇ ಟೈಪ್ ಎರರ್ ಎತ್ತುತ್ತದೆ. ಆ ಎರಡು ಸಾಲು ‘ಸಲ=0’ ಎಂಬ ತಪ್ಪನ್ನೂ ಹಿಡಿಯುತ್ತವೆ. ಅವಿಲ್ಲದಿದ್ದರೆ ಲೂಪ್ ಒಮ್ಮೆಯೂ ಸುತ್ತದೆ ನನ್ ಬರುತ್ತಿತ್ತು. ಆರ್ಗ್ಯುಮೆಂಟ್ ತೆಗೆದುಕೊಳ್ಳುವ ಪ್ರತಿ ಡೆಕೊರೇಟರ್‌ನ ಮೊದಲ ಪದರದಲ್ಲಿ ಇಂಥದೊಂದು ತಪಾಸಣೆ ಇರಲಿ.

ತದ್ವಿರುದ್ಧ ತಪ್ಪೂ ಇದೆ. ಆರ್ಗ್ಯುಮೆಂಟ್ ಬೇಡದ ಗಡಿಯಾರವನ್ನು ‘@ಗಡಿಯಾರ()’ ಎಂದು ಬರೆದರೆ ‘ಕೆಲಸ’ ಸಿಗಲಿಲ್ಲವೆಂದು ತಕ್ಷಣ ಎರರ್. ಇದು ನಿರಪಾಯ, ಕಣ್ಣೆದುರೇ ನಿಲ್ಲುತ್ತದೆ.

ಹಂತ 6: ನೆನಪಿಟ್ಟುಕೊಳ್ಳುವ ಡೆಕೊರೇಟರ್, ಮಾತ್ರೆಗಳ ಲೆಕ್ಕದಲ್ಲಿ

ಛಂದಸ್ಸಿನ ಒಂದು ಲೆಕ್ಕ ಹಿಡಿಯೋಣ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಇಷ್ಟು ಮಾತ್ರೆಯ ಸಾಲನ್ನು ಲಘು ಗುರುಗಳಿಂದ ಎಷ್ಟು ಬಗೆಯಲ್ಲಿ ತುಂಬಬಹುದು? ಸಾಲಿನ ಕೊನೆಯಲ್ಲಿ ಲಘು ಇದ್ದರೆ ಉಳಿದದ್ದು ಒಂದು ಮಾತ್ರೆ ಕಡಿಮೆ, ಗುರು ಇದ್ದರೆ ಎರಡು ಕಡಿಮೆ. ಎರಡನ್ನೂ ಕೂಡಿದರೆ ಉತ್ತರ.

```
ಡೆಫ್ ಸಾಲುವಿಧ(ಮಾತ್ರೆ):
    ಇಫ್ ಮಾತ್ರೆ < 2:
        ರಿಟರ್ನ್ 1
    ರಿಟರ್ನ್ ಸಾಲುವಿಧ(ಮಾತ್ರೆ - 1) + ಸಾಲುವಿಧ(ಮಾತ್ರೆ - 2)
```

ನಾಲ್ಕು ಮಾತ್ರೆಗೆ ಉತ್ತರ 5: ನಾಲ್ಕು ಲಘು, ಎರಡು ಗುರು, ಮತ್ತು ಒಂದು ಗುರು ಎರಡು ಲಘುಗಳ ಮೂರು ಜೋಡಣೆ. ಕಂದಪದ್ಯದ ಎರಡನೇ ಪಾದದಲ್ಲಿರುವಂತೆ 20 ಮಾತ್ರೆ ಕೊಟ್ಟರೆ 10,946. (ಇದು ಗಣದ ಗಡಿಯನ್ನು ಲೆಕ್ಕಿಸದ ಎಣಿಕೆ. ನಾಲ್ಕು ಮಾತ್ರೆಯ ಐದು ಗಣಗಳಾಗಿ ಒಡೆಯಲೇಬೇಕೆಂದರೆ 5ರ ಐದನೇ ಘಾತ, ಅಂದರೆ 3,125. ಜಗಣದ ನಿಯಮಗಳು ಅದನ್ನು ಇನ್ನೂ ಇಳಿಸುತ್ತವೆ.)

20 ಮಾತ್ರೆಗೆ ಈ ಫಂಕ್ಷನ್ ತನ್ನನ್ನು ತಾನು ಕರೆದುಕೊಳ್ಳುವುದೂ ಸೇರಿ ಒಟ್ಟು 21,891 ಸಲ ಓಡುತ್ತದೆ. 30 ಮಾತ್ರೆಗೆ 26,92,537 ಸಲ. ಅದೇ ಚಿಕ್ಕ ಲೆಕ್ಕಗಳು ಮತ್ತೆ ಮತ್ತೆ. ಈಗ ನೆತ್ತಿಯ ಮೇಲೆ ‘@ಫಂಕ್ಟೂಲ್ಸ್.ಕ್ಯಾಶ್’ ಹಾಕಿ. 20ಕ್ಕೆ ಕರೆಗಳು 39ಕ್ಕೆ ಇಳಿಯುತ್ತವೆ, ಅದರಲ್ಲಿ ನಿಜವಾಗಿ ಲೆಕ್ಕ ಮಾಡಿದ್ದು 21, ನೆನಪಿನಿಂದ ಕೊಟ್ಟದ್ದು 18. ‘ಸಾಲುವಿಧ.ಕ್ಯಾಶ್_ಇನ್ಫೋ()’ ಕೇಳಿದರೆ ಈ ಎರಡು ಸಂಖ್ಯೆಗಳನ್ನು ಅದೇ ಹೇಳುತ್ತದೆ.

ಇಷ್ಟು ಇಳಿತ ಸಾಧ್ಯವಾದದ್ದು ಹೇಗೆ? ಫಂಕ್ಷನ್ನಿನ ಒಳಗೆ ‘ಸಾಲುವಿಧ’ ಎಂದು ಬರೆದ ಹೆಸರು ಓಡುವ ಹೊತ್ತಿನಲ್ಲಿ ಹುಡುಕಲ್ಪಡುತ್ತದೆ, ಆಗ ಆ ಹೆಸರು ಅಂಟಿರುವುದು ಹೊದಿಕೆಗೆ. ಒಳಗಿನ ಪ್ರತಿ ಕರೆಯೂ ನೆನಪಿನ ಮೂಲಕವೇ ಹಾದುಬರುತ್ತದೆ. ಪರೀಕ್ಷಿಸಬೇಕೆಂದರೆ ಡೆಕೊರೇಟರ್ ತೆಗೆದು ‘ಬೇಗ = ಫಂಕ್ಟೂಲ್ಸ್.ಕ್ಯಾಶ್(ಸಾಲುವಿಧ)’ ಎಂದು ಬೇರೆ ಹೆಸರಿನಲ್ಲಿ ಹೊದಿಸಿ, ‘ಬೇಗ(20)’ ಕರೆಯಿರಿ. ಮತ್ತೆ 21,891 ಸಲವೇ ಓಡುತ್ತದೆ. ಒಳಗಿನ ಹೆಸರು ಹಳೆಯ ಫಂಕ್ಷನ್ನಿಗೇ ಅಂಟಿರುವುದರಿಂದ ನೆನಪಿನಲ್ಲಿ ಉಳಿದದ್ದು ಕಟ್ಟಕಡೆಯ ಒಂದೇ ಉತ್ತರ.

ಕ್ಯಾಶ್ ಇಲ್ಲದ ಸಾಲುವಿಧದ ಮೇಲೆ ಹಂತ 3ರ ಗಡಿಯಾರ ಹಾಕಿ 20 ಕೊಟ್ಟರೆ, ಅದೇ ಕಾರಣಕ್ಕೆ ಪರದೆಯ ಮೇಲೆ 21,891 ಸಾಲು ಸಮಯಗಳು ಉರುಳುತ್ತವೆ. ತನ್ನನ್ನು ತಾನು ಕರೆಯುವ ಫಂಕ್ಷನ್ನನ್ನು ಅಳೆಯಬೇಕಿದ್ದರೆ ಅದನ್ನು ಒಮ್ಮೆ ಮಾತ್ರ ಕರೆಯುವ ಇನ್ನೊಂದು ಪುಟ್ಟ ಫಂಕ್ಷನ್ ಬರೆದು ಅದರ ಮೇಲೆ ಗಡಿಯಾರ ಹಾಕಿ.

ಕ್ಯಾಶ್ ಬಂದದ್ದು 3.9ರಲ್ಲಿ. ಅದಕ್ಕೆ ಮಿತಿಯಿಲ್ಲ, ಕೊಟ್ಟದ್ದನ್ನೆಲ್ಲ ಇಟ್ಟುಕೊಳ್ಳುತ್ತದೆ. 3.2ರಿಂದ ಇರುವ ಎಲ್‌ಆರ್‌ಯು_ಕ್ಯಾಶ್ ಏನೂ ಹೇಳದಿದ್ದರೆ 128 ಉತ್ತರಗಳನ್ನಿಟ್ಟುಕೊಂಡು ಬಹಳ ಹೊತ್ತಿನಿಂದ ಯಾರೂ ಕೇಳದ್ದನ್ನು ಬಿಡುತ್ತದೆ. ದಿನಗಟ್ಟಲೆ ಓಡುವ ಸರ್ವರ್‌ಗೆ ಎರಡನೆಯದೇ ಲೇಸು. ಎರಡಕ್ಕೂ ಸಮಾನವಾದ ಅಪಾಯಗಳು ಹೀಗಿವೆ. ಆರ್ಗ್ಯುಮೆಂಟ್ ಆಗಿ ಲಿಸ್ಟ್ ಅಥವಾ ಡಿಕ್ಷನರಿ ಕೊಟ್ಟರೆ ಟೈಪ್ ಎರರ್, ಟ್ಯೂಪಲ್ ಕೊಡಿ. ಉತ್ತರವೇ ಲಿಸ್ಟ್ ಆಗಿದ್ದು ಪಡೆದವರು ಅದಕ್ಕೆ ಏನಾದರೂ ಸೇರಿಸಿದರೆ ನೆನಪಿನಲ್ಲಿರುವ ಉತ್ತರವೂ ಕೆಡುತ್ತದೆ, ಏಕೆಂದರೆ ಎರಡೂ ಒಂದೇ ವಸ್ತು. ಕ್ಲಾಸಿನ ಮೆಥಡ್ ಮೇಲೆ ಹಾಕಿದರೆ ಸೆಲ್ಫ್ (ಮೆಥಡ್ ಯಾವ ಆಬ್ಜೆಕ್ಟಿನದೋ ಅದು) ಕೂಡ ಆರ್ಗ್ಯುಮೆಂಟ್ ಆಗಿ ನೆನಪಿನಲ್ಲಿ ಉಳಿದು, ಕೆಲಸ ಮುಗಿದ ಆಬ್ಜೆಕ್ಟ್‌ಗಳು ಆ ನೆನಪು ಇರುವ ತನಕ ಮೆಮರಿ ಬಿಟ್ಟು ಕದಲುವುದಿಲ್ಲ. ದಿನಾಂಕ, ಫೈಲ್, ಡೇಟಾಬೇಸ್ ನೋಡಿ ಉತ್ತರಿಸುವ ಫಂಕ್ಷನ್ನಿಗಂತೂ ಹಾಕಲೇಬೇಡಿ, ನಿನ್ನೆಯ ಉತ್ತರ ಇವತ್ತೂ ಬರುತ್ತದೆ.

ಹಂತ 7: ಒಂದರ ಮೇಲೊಂದು ಹಾಕುವಾಗ

ಎರಡು ಡೆಕೊರೇಟರ್ ಇದ್ದರೆ ಫಂಕ್ಷನ್ನಿಗೆ ಹತ್ತಿರದ್ದು ಮೊದಲು ಹೊದೆಯುತ್ತದೆ, ಮೇಲಿನದು ಆ ಹೊದಿಕೆಯ ಮೇಲೆ. ಕರೆದಾಗ ಮೊದಲು ಎದುರಾಗುವುದು ಮೇಲಿನದು. ಗಡಿಯಾರ ಮೇಲೆ, ಮತ್ತೆಮಾಡು ಕೆಳಗೆ ಇದ್ದರೆ ಸಿಗುವುದು ಬಿಡುವುಗಳೂ ಸೇರಿದ ಒಟ್ಟು ಸಮಯ. ಅದಲುಬದಲಾದರೆ ಪ್ರತಿ ಪ್ರಯತ್ನದ ಸಮಯ ಬೇರೆಬೇರೆಯಾಗಿ. ಎರಡೂ ಸರಿಯೇ, ನಿಮಗೆ ಬೇಕಾದ್ದು ಯಾವುದೆಂದು ನಿರ್ಧರಿಸಿ.

ಕ್ರಮ ತಪ್ಪಿದರೆ ಬೀಗವೇ ಬೀಳದ ಒಂದು ಜಾಗ ಇದೆ. ಫ್ಲಾಸ್ಕ್‌ನ ರೂಟ್ ಡೆಕೊರೇಟರ್ ತನಗೆ ಸಿಕ್ಕ ಫಂಕ್ಷನ್ನನ್ನು ಪುಟಗಳ ಪಟ್ಟಿಗೆ ಸೇರಿಸಿ ಹಾಗೆಯೇ ವಾಪಸ್ ಕೊಡುತ್ತದೆ. ಲಾಗಿನ್ ಆಗಿದ್ದಾರೆಯೇ ಎಂದು ನೋಡುವ ಡೆಕೊರೇಟರನ್ನು ರೂಟ್‌ನ ಮೇಲೆ ಬರೆದರೆ, ಪಟ್ಟಿಗೆ ಆಗಲೇ ಸೇರಿರುವುದು ತಪಾಸಣೆ ಇಲ್ಲದ ಬರಿಯ ಫಂಕ್ಷನ್. ತಪಾಸಣೆಯ ಹೊದಿಕೆ ಫಂಕ್ಷನ್ನಿನ ಹೆಸರಿಗೆ ಮಾತ್ರ ಅಂಟಿಕೊಂಡು ಯಾರೂ ಕರೆಯದೆ ಕೂತಿರುತ್ತದೆ. ಪುಟ ಎಲ್ಲರಿಗೂ ತೆರೆದಿರುತ್ತದೆ, ಯಾವ ಎರರ್ ಕೂಡ ಬರುವುದಿಲ್ಲ. ರೂಟ್ ಯಾವಾಗಲೂ ಎಲ್ಲಕ್ಕಿಂತ ಮೇಲಿರಬೇಕು, ತಪಾಸಣೆ ಅದರ ಕೆಳಗೆ. ಲಾಗಿನ್ ಆಗದೆ ಆ ಪುಟ ಕೇಳಿದಾಗ ತಡೆಯುತ್ತದೆಯೇ ಎಂದು ನೋಡುವ ಒಂದು ಟೆಸ್ಟ್ ಕೂಡ ಬರೆದಿಡಿ.

ಹಂತ 8: ಅಸಿಂಕ್, ಜನರೇಟರ್ ಮತ್ತು ಮೆಥಡ್

ಅಸಿಂಕ್ ಡೆಫ್‌ನಿಂದ ಬರೆದ ಫಂಕ್ಷನ್ನನ್ನು ಕರೆದರೆ ಕೆಲಸ ಶುರುವಾಗುವುದಿಲ್ಲ, ಇನ್ನೂ ಓಡದ ಕೆಲಸವನ್ನು ಹಿಡಿದಿಟ್ಟ ಕೊರೂಟೀನ್ ಎಂಬ ವಸ್ತು ಕೈಗೆ ಬರುತ್ತದೆ. ಮೇಲಿನ ಗಡಿಯಾರವನ್ನು ಹಾಕಿದರೆ ಅದು ಆ ವಸ್ತು ತಯಾರಾದ ಕ್ಷಣವನ್ನಷ್ಟೇ ಅಳೆದು, ಎರಡು ಸೆಕೆಂಡಿನ ಕೆಲಸಕ್ಕೂ ಸೊನ್ನೆಯ ಹತ್ತಿರದ ಸಂಖ್ಯೆ ತೋರಿಸುತ್ತದೆ. ಮತ್ತೆಮಾಡು ಹಾಕಿದರೆ ಇನ್ನೂ ಕೆಡುಕು: ಎರರ್ ಏಳುವುದು ಟ್ರೈ ದಾಟಿದ ಮೇಲೆ, ಹಾಗಾಗಿ ಎರಡನೇ ಪ್ರಯತ್ನ ನಡೆಯುವುದೇ ಇಲ್ಲ. ಇಂಥವಕ್ಕೆ ಹೊದಿಕೆಯೂ ಅಸಿಂಕ್ ಡೆಫ್ ಆಗಿರಬೇಕು, ಒಳಗೆ ‘ರಿಟರ್ನ್ ಅವೇಟ್ ಕೆಲಸ(...)’ ಇರಬೇಕು, ಟೈಮ್.ಸ್ಲೀಪ್ ಬದಲು ಅಸಿಂಕ್‌ಐಓದ ಸ್ಲೀಪ್ ಅನ್ನು ಅವೇಟ್ ಮಾಡಬೇಕು. ಎರಡೂ ಬಗೆಗೆ ಒಂದೇ ಡೆಕೊರೇಟರ್ ಬೇಕಿದ್ದರೆ ‘ಇನ್ಸ್ಪೆಕ್ಟ್.ಈಸ್ಕೊರೂಟೀನ್ಫಂಕ್ಷನ್(ಕೆಲಸ)’ ಎಂದು ಕೇಳಿ ತಕ್ಕ ಹೊದಿಕೆಯನ್ನು ಕೊಡಿ. ಈಲ್ಡ್ ಬಳಸಿ ಒಂದೊಂದೇ ಮೌಲ್ಯ ಕೊಡುವ ಜನರೇಟರ್‌ಗಳ ಕಥೆಯೂ ಇದೇ, ಲೂಪ್ ಸುತ್ತುವ ತನಕ ಒಳಗಿನ ಕೋಡ್ ಓಡುವುದಿಲ್ಲ.

ಕ್ಲಾಸಿನ ಮೆಥಡ್‌ಗಳಿಗೆ ಈ ಅಚ್ಚು ಬದಲಾವಣೆಯಿಲ್ಲದೆ ಹೊಂದುತ್ತದೆ, ಸೆಲ್ಫ್ ಆರ್ಗ್ಸ್‌ನ ಮೊದಲ ಮೌಲ್ಯವಾಗಿ ಬರುತ್ತದೆ. ಫಂಕ್ಷನ್ನಿನ ಬದಲು ‘__ಕಾಲ್__’ ಇರುವ ಕ್ಲಾಸನ್ನು ಡೆಕೊರೇಟರ್ ಮಾಡಿಕೊಂಡರೆ ಮಾತ್ರ ಸೆಲ್ಫ್ ತಲುಪುವುದಿಲ್ಲ, ಅದು ಸಿಗಲಿಲ್ಲವೆಂದು ಎರರ್ ಬರುತ್ತದೆ. ಫಂಕ್ಷನ್‌ಗಳಿಗಿರುವ ಆ ಅಂಟುವ ಗುಣ ಸಾಮಾನ್ಯ ಆಬ್ಜೆಕ್ಟ್‌ಗಳಿಗಿಲ್ಲ.

ಟೆಸ್ಟ್ ಮಾಡುವಾಗ

‘ದರಪಟ್ಟಿ_ತಾ’ ಫಂಕ್ಷನ್ನಿನ ತರ್ಕವನ್ನು ಪರೀಕ್ಷಿಸಲು ಪ್ರತಿ ಸಲ 3.5 ಸೆಕೆಂಡು ಕಾಯಬೇಕಿಲ್ಲ. ‘ದರಪಟ್ಟಿ_ತಾ.__ರಾಪ್ಡ್__(ವಿಳಾಸ)’ ಎಂದು ಕರೆದರೆ ಹೊದಿಕೆ ದಾಟಿ ನೇರ ಒಳಗಿನದು ಸಿಗುತ್ತದೆ. ಇದು ಒಂದೇ ಪದರ ಕೆಳಗಿಳಿಯುತ್ತದೆ. ಮೂರು ಡೆಕೊರೇಟರ್ ಇದ್ದರೆ ‘ಇನ್ಸ್ಪೆಕ್ಟ್.ಅನ್ರಾಪ್’ ತಳದವರೆಗೂ ಹೋಗುತ್ತದೆ, ಆದರೆ ನಡುವಿನ ಯಾವುದೇ ಡೆಕೊರೇಟರ್‌ನಲ್ಲಿ ರಾಪ್ಸ್ ಬಿಟ್ಟುಹೋಗಿದ್ದರೆ ಅಲ್ಲಿಗೇ ನಿಲ್ಲುತ್ತದೆ. ಡೆಕೊರೇಟರನ್ನೇ ಪರೀಕ್ಷಿಸಲು ಬೇಕಾದ್ದು ಎರಡು ಸಲ ಕನೆಕ್ಷನ್ ಎರರ್ ಎತ್ತಿ ಮೂರನೇ ಸಲ ಉತ್ತರ ಕೊಡುವ ಪುಟ್ಟ ಫಂಕ್ಷನ್. ಅದನ್ನು ‘ಬಿಡುವು=0’ ಇಟ್ಟು ಹೊದಿಸಿ, ಎಷ್ಟು ಸಲ ಓಡಿತೆಂದು ಎಣಿಸಿ, ಉತ್ತರ ಮೂರು ಬರಬೇಕು. ಅದೇ ಫಂಕ್ಷನ್ನನ್ನು ‘ಸಲ=2’ ಇಟ್ಟು ಹೊದಿಸಿದರೆ ಎರರ್ ಹೊರಗೆ ಬರಬೇಕು. ವ್ಯಾಲ್ಯೂ ಎರರ್ ಎತ್ತುವ ಇನ್ನೊಂದನ್ನು ಹೊದಿಸಿದರೆ ಎಣಿಕೆ ಒಂದಕ್ಕೇ ನಿಂತಿರಬೇಕು.